ತೂತುಪಟ್ಟಿಯ ಪೆಟ್ಟಿಗೆ

ಆಟದ ಸಾಮಾನೊಂದರ ಚರಿತ್ರೆಯನ್ನು ಹೇಳುತ್ತೇನೆ ಎಂದಾಗ ಆಕಾಶವಾಣಿಯ ಮಿತ್ರರು ಮುಗುಳ್ನಕ್ಕರು. ಕನ್ನಡ ಪಾಠ ಹೇಳಿ ನಿವೃತ್ತನಾದವನು ನಟ್ಟು ಬೋಲ್ಟುಗಳ ಮಾತೆತ್ತುವುದು ವಿಚಿತ್ರವೇ ಸರಿ. ಆದರೆ ಭದ್ರಾವತಿಯಲ್ಲಿ ಕುಳಿತು ಕಬ್ಬಿಣದ ವಿಷಯ ಮಾತನಾಡಲು ಯಾರೂ ಅಪ್ಪಣೆ ಕೇಳಬೇಕಾಗಿಲ್ಲ. ಕಬ್ಬಿಣವೆಂಬ ಮಾತು ಹಳಗನ್ನಡದಲ್ಲಿ ಕರ್ಬುನ. ಕರಿದು ಎಂಬುದೂ ಹೊನ್ನು ಎಂಬುದೂ ಕೂಡಿ ಆದ ಪದ ಅದು. ಬಂಗಾರಕ್ಕೆ ಇಟ್ಟ ಹೆಸರನ್ನೇ ಕಪ್ಪು ಲೋಹಕ್ಕೂ ಕೊಟ್ಟವರು ನಮ್ಮ ಹಿರಿಯರು. ಅದನ್ನು ಅವರು ಕೀಳಾಗಿ ಕಂಡಿರಲಾರರು.

ನಾನು ಹೇಳಹೊರಟಿರುವ ಆಟಿಕೆಯನ್ನು ಈ ಶ್ರೋತೃಗಳಲ್ಲಿ ಕೆಲವರಾದರೂ ಬಲ್ಲರು. ಸಾಲಾಗಿ ತೂತುಗಳಿರುವ ಲೋಹದ ಪಟ್ಟಿಗಳು, ಪುಟ್ಟ ತಿರುಪುಗಳು, ನಟ್ಟುಗಳು, ಚಕ್ರಗಳು, ರಾಟೆಗಳು. ಇವನ್ನು ಜೋಡಿಸಿ ಸೇತುವೆಯನ್ನೋ ಗಾಡಿಯನ್ನೋ ಭಾರ ಎತ್ತುವ ಕ್ರೇನನ್ನೋ ಕಟ್ಟುವುದು. ಇಂಗ್ಲೆಂಡಿನಿಂದ ಬಂದಾಗ ಇದರ ಹೆಸರು ಮೆಕ್ಯಾನೋ. ನಮ್ಮ ದೇಶದಲ್ಲೇ ತಯಾರಾಗತೊಡಗಿದ ಮೇಲೆ ಮೆಕ್ಯಾನಿಕ್ಸ್ ಎಂಬ ಹೆಸರಿನ ಪೆಟ್ಟಿಗೆಗಳು ಅಂಗಡಿಗಳಿಗೆ ಬಂದವು. ನ್ಯೂಟೌನಿನ ನಮ್ಮ ಕ್ವಾರ್ಟರ್ಸಿನಲ್ಲಿ ಇದಕ್ಕಿದ್ದ ಹೆಸರು ಮಾತ್ರ ತೂತುಪಟ್ಟಿ. ನನಗೆ ಈಗಲೂ ಅದೇ ಹೆಸರು ಇಷ್ಟ.

ಇದನ್ನು ಕಂಡುಹಿಡಿದ ಫ್ರಾಂಕ್ ಹಾರ್ನ್‌ಬಿ ಎಂಜಿನಿಯರನಲ್ಲ. 1863ರಲ್ಲಿ ಲಿವರ್‌ಪೂಲ್ ನಗರದಲ್ಲಿ ಹುಟ್ಟಿದ ಆತ, ಮಾಂಸ ಆಮದು ಮಾಡುವ ವ್ಯಾಪಾರಿಯೊಬ್ಬನ ಕಚೇರಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತೆ. ಸಂಜೆ ಮನೆಗೆ ಬಂದು ತನ್ನ ಇಬ್ಬರು ಗಂಡುಮಕ್ಕಳಿಗಾಗಿ ತಾಮ್ರದ ತಗಡನ್ನು ಕತ್ತರಿಸಿ ಸೇತುವೆ, ಗಾಡಿ, ಕ್ರೇನುಗಳನ್ನು ಮಾಡಿಕೊಡುತ್ತಿದ್ದ. ತೊಂದರೆ ಎಲ್ಲಿ ಬಂತೆಂದರೆ, ಒಂದು ಆಟಿಕೆಗೆಂದು ಕತ್ತರಿಸಿದ ತುಂಡು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಮಕ್ಕಳ ಆಸೆಗೆ ಕೊನೆಯಿಲ್ಲ, ಗುಮಾಸ್ತೆಯ ಬಿಡುವಿಗೆ ಕೊನೆಯಿದೆ. ಆಗ ಹೊಳೆದ ಉಪಾಯ ಕೇಳಿದರೆ ಇಷ್ಟೇನಾ ಎನಿಸುತ್ತದೆ. ಪಟ್ಟಿಗಳೆಲ್ಲ ಅರ್ಧ ಅಂಗುಲ ಅಗಲ. ಅವುಗಳಲ್ಲಿ ಒಂದೇ ಗಾತ್ರದ ತೂತು. ತೂತಿನಿಂದ ತೂತಿಗೆ ಸರಿಯಾಗಿ ಅರ್ಧ ಅಂಗುಲ ಅಂತರ. ಇಷ್ಟಾದರೆ ಯಾವ ಪಟ್ಟಿಯನ್ನು ಯಾವುದರ ಮೇಲಿಟ್ಟರೂ ತೂತಿಗೆ ತೂತು ಕೂಡುತ್ತದೆ. ಇಂದು ಕ್ರೇನಾಗಿದ್ದದ್ದು ನಾಳೆ ಸೇತುವೆಯಾಗುತ್ತದೆ. 1901ರ ಜನವರಿಯಲ್ಲಿ ಹಾರ್ನ್‌ಬಿ ಇದರ ಪೇಟೆಂಟಿಗೆ ಅರ್ಜಿ ಹಾಕಿದ. ಅದರ ಖರ್ಚಿಗೆ ಐದು ಪೌಂಡು ಸಾಲ ಕೊಟ್ಟವನು ಅವನ ಯಜಮಾನನೇ. ಮೊದಲು ಬೇರೆ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಪೆಟ್ಟಿಗೆ 1907ರಲ್ಲಿ ಮೆಕ್ಯಾನೋ ಆಯಿತು. ಮರುವರ್ಷ ಕಂಪನಿ ಸ್ಥಾಪನೆಯಾಯಿತು. 1914ರ ಹೊತ್ತಿಗೆ ಲಿವರ್‌ಪೂಲಿನ ಬಿನ್ಸ್ ರಸ್ತೆಯಲ್ಲಿ ದೊಡ್ಡ ಕಾರ್ಖಾನೆಯೇ ಎದ್ದಿತು. 1916ರಿಂದ ಇದಕ್ಕಾಗಿಯೇ ಒಂದು ಪತ್ರಿಕೆಯೂ ಹೊರಟಿತು. ಹಾರ್ನ್‌ಬಿ ಮುಂದೆ ಪಾರ್ಲಿಮೆಂಟಿನ ಸದಸ್ಯನೂ ಆಗಿ 1936ರಲ್ಲಿ ತೀರಿಕೊಂಡ. ಆತನಿಗೆ ಒಬ್ಬ ಮಗಳೂ ಇದ್ದಳು. ಈ ಕಥೆ ಹೇಳುವವರು ಗಂಡುಮಕ್ಕಳನ್ನು ಹೆಸರಿಸಿ ಮುಂದೆ ಸಾಗುತ್ತಾರೆ. ಆ ವಿಷಯಕ್ಕೆ ಮತ್ತೆ ಬರುತ್ತೇನೆ.

ಪಟ್ಟಿ ಮೊದಮೊದಲು ತೆಳುವಾದ ತವರ ಲೇಪದ ತಗಡು. ಆಮೇಲೆ ನಿಕ್ಕಲ್ ಲೇಪದ ಉಕ್ಕು. 1926ರಿಂದ ಕೆಂಪು, ಹಸಿರು ಬಣ್ಣ. ಹಲ್ಲುಚಕ್ರಗಳು ಮಾತ್ರ ಹಿತ್ತಾಳೆಯವು. ಇವುಗಳ ಲೆಕ್ಕಾಚಾರವನ್ನು ನೆನೆದರೆ ಈಗಲೂ ಸಂತೋಷವಾಗುತ್ತದೆ. 57 ಹಲ್ಲಿನದೊಂದು ಚಕ್ರ, ಅದಕ್ಕೆ ಜೊತೆಯಾಗಿ 19 ಹಲ್ಲಿನದೊಂದು. ಎರಡರ ಅಚ್ಚುಗಳನ್ನೂ ಒಂದು ಅಂಗುಲ ದೂರದ ತೂತುಗಳಲ್ಲಿ ತೂರಿಸಿದರೆ ಹಲ್ಲಿಗೆ ಹಲ್ಲು ಕೂಡಿ, ಚಿಕ್ಕದು ಮೂರು ಸುತ್ತು ತಿರುಗುವಾಗ ದೊಡ್ಡದು ಒಂದು ಸುತ್ತು ಹಾಕುತ್ತದೆ. ಹತ್ತೊಂಬತ್ತು ಮೂರಲೆ ಐವತ್ತೇಳು. ಮಗ್ಗಿಯಲ್ಲಿ ನನಗೆ ಎಂದೂ ಬಾಯಿಗೆ ಬಾರದಿದ್ದ ಈ ಸಾಲು ಬೆರಳಿಗೆ ಮೊದಲು ಬಂತು.

ಇದು ಹುಡುಗಾಟವಷ್ಟೇ ಎಂದು ತಿಳಿಯುವವರಿಗೆ ಒಂದು ಸಂಗತಿ ಹೇಳಬೇಕು. 1934ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಡಗ್ಲಸ್ ಹಾರ್ಟ್ರೀ ಎಂಬ ವಿಜ್ಞಾನಿ ತನ್ನ ಶಿಷ್ಯ ಆರ್ಥರ್ ಪೋರ್ಟರನೊಡನೆ ಕಠಿಣ ಸಮೀಕರಣಗಳನ್ನು ಬಿಡಿಸುವ ಒಂದು ಯಂತ್ರವನ್ನು ಬಹುಪಾಲು ಮೆಕ್ಯಾನೋ ಭಾಗಗಳಿಂದಲೇ ಕಟ್ಟಿದ. ಖರ್ಚಾದದ್ದು ಸುಮಾರು ಇಪ್ಪತ್ತು ಪೌಂಡು. ಅದು ಕೆಲಸ ಮಾಡಿತು. ಆ ಧೈರ್ಯದ ಮೇಲೆ ಮುಂದಿನ ವರ್ಷ ದೊಡ್ಡ ಯಂತ್ರ ಬಂತು. ಕಂಪ್ಯೂಟರಿಗೆ ಪೂರ್ವಜರೆನಿಸಿದ ಯಂತ್ರಗಳ ಸಾಲಿನಲ್ಲಿ ಈ ಆಟಿಕೆಯೂ ಕುಳಿತಿದೆ. 1996ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಹ್ಯಾರಿ ಕ್ರೋಟೋ ಎಂಬವರೂ ತಮ್ಮನ್ನು ರೂಪಿಸಿದವುಗಳಲ್ಲಿ ಬಾಲ್ಯದ ಮೆಕ್ಯಾನೋ ಪೆಟ್ಟಿಗೆಯನ್ನು ಮರೆಯದೆ ಹೆಸರಿಸುತ್ತಿದ್ದರು.

ಇನ್ನು ಭದ್ರಾವತಿಗೆ ಬರೋಣ. ಬೆಂಕೀಪುರವೆಂದು ಕರೆಸಿಕೊಳ್ಳುತ್ತಿದ್ದ ಈ ಊರಿನಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆಯ ಕೆಲಸ 1918ರಲ್ಲಿ ಮೊದಲಾಯಿತು. 1923ರ ಜನವರಿಯಲ್ಲಿ ಕುಲುಮೆಯಿಂದ ಕಬ್ಬಿಣ ಹರಿಯಿತು. ಕಲ್ಲಿದ್ದಲು ಇಲ್ಲದ ಸೀಮೆ ಇದು. ಆದ್ದರಿಂದ ಮಲೆನಾಡಿನ ಕಾಡಿನ ಮರವನ್ನೇ ಇದ್ದಿಲು ಮಾಡಿ ಅದುರನ್ನು ಕರಗಿಸಿದರು. ಮರವನ್ನು ಬೇಯಿಸುವಾಗ ಬರುವ ಹೊಗೆಯನ್ನೂ ಬಿಡದೆ ಇಳಿಸಿ ಮರದ ಮದ್ಯಸಾರ, ಟಾರು ಮುಂತಾದವನ್ನು ತೆಗೆದರು. ಉತ್ಪಾದನೆ ಶುರುವಾಗುವ ವೇಳೆಗೆ ಯುದ್ಧಕಾಲದ ಬೆಲೆ ಹೋಗಿ ಕಬ್ಬಿಣದ ಧಾರಣೆ ಕುಸಿದಿತ್ತು. ನಷ್ಟದ ಆ ಕಾಲದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿಕೊಂಡು ಕಾರ್ಖಾನೆಯನ್ನು ಹಳಿಗೆ ತಂದರು. ಪರದೇಶದ ತಜ್ಞರ ಸ್ಥಾನದಲ್ಲಿ ಈ ನೆಲದ ಹುಡುಗರನ್ನು ತರಬೇತು ಮಾಡಿ ನಿಲ್ಲಿಸಿದ್ದು ಆ ವರ್ಷಗಳ ದೊಡ್ಡ ಕೆಲಸ. ಮುಂದೆ ಉಕ್ಕು ಬಂತು, ಸಿಮೆಂಟು ಬಂತು, ಐವತ್ತರ ದಶಕದಲ್ಲಿ ಜೋಗದ ವಿದ್ಯುತ್ತಿನಿಂದ ಉರಿಯುವ ಕುಲುಮೆಗಳು ಬಂದವು. ಹೊಲ ಗದ್ದೆಗಳಿಂದ ಬಂದವರ ಮಕ್ಕಳು ಫಿಟ್ಟರು, ಟರ್ನರು, ಮೋಲ್ಡರುಗಳಾದರು. ನಮ್ಮ ತಂದೆಯವರೂ ಆ ಪೈಕಿ ಒಬ್ಬರು, ಫಿಟ್ಟರು.

ಹೀಗೆ ಊರಿಗೆ ಊರೇ ಕಬ್ಬಿಣ ಮಾಡುತ್ತಿದ್ದರೂ ಮಕ್ಕಳ ಕೈಗೆ ಕಬ್ಬಿಣದ ಆಟಿಕೆ ಬಂದದ್ದು ಅಪರೂಪ. ಸೈಕಲ್ ಚಕ್ರದ ಬಳೆಯನ್ನು ಕೋಲಿನಿಂದ ಓಡಿಸುತ್ತಿದ್ದೆವು. ತಂತಿ ಬಗ್ಗಿಸಿ ಗಾಡಿ ಮಾಡುತ್ತಿದ್ದೆವು. ಅಂಗಡಿಯ ಪೆಟ್ಟಿಗೆ ಅಧಿಕಾರಿಗಳ ಬಂಗಲೆಗಳಲ್ಲಿ ಇರುತ್ತಿತ್ತು. ನಮ್ಮ ಮನೆಗೆ ಅದು ಬಂದದ್ದು 1968ರ ಮಳೆಗಾಲದಲ್ಲಿ. ವರ್ಗವಾಗಿ ಊರು ಬಿಡುತ್ತಿದ್ದ ಎಂಜಿನಿಯರೊಬ್ಬರು ತಮ್ಮ ಮಕ್ಕಳು ದೊಡ್ಡವರಾದರೆಂದು ಹಳೆಯ ಮೆಕ್ಯಾನೋ ಪೆಟ್ಟಿಗೆಯನ್ನು ತಂದೆಯವರಿಗೆ ಕೊಟ್ಟರು. ಮಲೆನಾಡಿನ ಮಳೆ ಪಟ್ಟಿಗಳನ್ನು ತಿಂದಿತ್ತು. ತಂದೆಯವರು ಅವನ್ನು ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಬೆಳಿಗ್ಗೆ ಉಪ್ಪುಕಾಗದದಲ್ಲಿ ಉಜ್ಜಿ, ತೆಂಗಿನೆಣ್ಣೆ ಸವರಿ ಜಗಲಿಯ ಮೇಲೆ ಹರಡಿದರು. ಎಣಿಸಿದರೆ ಪಟ್ಟಿಗಳು ಬೇಕಾದಷ್ಟು, ನಟ್ಟು ತಿರುಪುಗಳು ಹದಿನಾಲ್ಕೇ ಜೊತೆ.

ಆ ಹದಿನಾಲ್ಕನ್ನು ಹೆಚ್ಚಿಸುವ ಪ್ರಯತ್ನವೇ ನನ್ನ ಪಾಲಿಗೆ ಒಂದು ಚರಿತ್ರೆಯ ಪಾಠವಾಯಿತು. ಸೈಕಲ್ ಅಂಗಡಿಯ ತಿರುಪು ತೂತಿನೊಳಗೇ ಹೋಗಲಿಲ್ಲ. ನಮ್ಮ ದೇಶ 1956ರ ಶಾಸನದಿಂದ ಮೀಟರ್ ಪದ್ಧತಿಗೆ ತಿರುಗಿತ್ತಷ್ಟೆ. ಅಂಗಡಿಯಲ್ಲಿ 4 ಮಿಲಿಮೀಟರಿನ ತಿರುಪು ಸಿಕ್ಕಿತು. ಕಣ್ಣಿಗೆ ಎರಡೂ ಒಂದೇ. ಎರಡು ಸುತ್ತು ಸುಲಭವಾಗಿ ಒಳಗೆ ಹೋಗಿ ಮೂರನೆಯದಕ್ಕೆ ಕಚ್ಚಿಕೊಂಡಿತು. ಹಾರ್ನ್‌ಬಿಯ ತಿರುಪು ಅಂಗುಲದ ಮೂವತ್ತೆರಡರಲ್ಲಿ ಐದು ಭಾಗದ ಗಾತ್ರದ್ದು, ವಿಟ್‌ವರ್ತ್ ಅಳತೆಯದು, ಅಂಗುಲಕ್ಕೆ ಮೂವತ್ತೆರಡು ಎಳೆ. ಗಾತ್ರದ ವ್ಯತ್ಯಾಸ ಕೂದಲೆಳೆಯಷ್ಟೂ ಅಲ್ಲ. ಎಳೆಯ ಅಂತರ ಬೇರೆ, ಅಷ್ಟೆ. ಬ್ರಿಟಿಷರು ಹೋಗಿ ಇಪ್ಪತ್ತೊಂದು ವರ್ಷವಾಗಿದ್ದರೂ ಅವರ ಅಂಗುಲ ನಮ್ಮ ಜಗಲಿಯ ಮೇಲೆ ಕುಳಿತು ಮೀಟರಿನೊಡನೆ ಜಗಳವಾಡುತ್ತಿತ್ತು. ಕೊನೆಗೆ ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರ ವಿದ್ಯುತ್ ಸಾಮಾನು ಮಾರುವ ಅಂಗಡಿಯೊಂದರಲ್ಲಿ, ಸ್ವಿಚ್ಚಿನ ಪೆಟ್ಟಿಗೆಗೆ ಹಾಕುವ ತಿರುಪು ಇದೇ ಅಳತೆಯದೆಂದು ಗೊತ್ತಾಯಿತು. ತಂದೆಯವರು ಐವತ್ತು ಜೊತೆ ಕೊಂಡರು. ಬರುವಾಗ ರೈಲಿನಲ್ಲಿ ಅಕ್ಕ ಅವನ್ನು ಲಂಗದ ಮಡಿಲಲ್ಲಿ ಹಾಕಿಕೊಂಡು ಒಂದೊಂದಕ್ಕೂ ನಟ್ಟು ತೊಡಿಸಿ ನೋಡಿದಳು.

ಅಕ್ಕನಿಗೆ ಆಗ ಹದಿನಾಲ್ಕು, ನನಗೆ ಹತ್ತು. ಪೆಟ್ಟಿಗೆ ನನಗೆಂದು ಬಂದದ್ದು. ಅದರ ಮುಚ್ಚಳದ ಚಿತ್ರದಲ್ಲಿ ಒಬ್ಬ ಹುಡುಗ ಮತ್ತು ಅವನ ತಂದೆ. ಆ ಕಂಪನಿ ತನ್ನ ಪೆಟ್ಟಿಗೆಯನ್ನು ಹುಡುಗರಿಗಾಗಿ ಎಂಜಿನಿಯರಿಂಗ್ ಎಂದೇ ಸಾರಿಕೊಂಡು ಮಾರಿದ್ದು. ಇಂಗ್ಲಿಷಿನ ಒಂದಕ್ಷರ ಬಾರದ ನಮ್ಮ ಅಜ್ಜಿಯೂ, ಆ ಕಂಪನಿಯವರೊಡನೆ ಸಮಾಲೋಚಿಸಿದವರಂತೆ, ಅದನ್ನೇ ಹೇಳುತ್ತಿದ್ದರು. ಆದರೆ ಮೊದಲ ದಿನವೇ ತಿಳಿದುಹೋಯಿತು, ಕೈ ಯಾರದೆಂದು. ನಾನು ನಾಲ್ಕು ಪಟ್ಟಿಗಳಿಂದ ಒಂದು ಚೌಕ ಕಟ್ಟಿ ನಿಲ್ಲಿಸಿದೆ. ಅದು ಸೋತ ಎತ್ತಿನಂತೆ ಒಂದು ಕಡೆಗೆ ವಾಲಿತು. ತಿರುಪು ಬಿಗಿ ಮಾಡಿದೆ, ಮತ್ತೆ ವಾಲಿತು. ಅಕ್ಕ ಏನೂ ಹೇಳದೆ ಮೂಲೆಯಿಂದ ಮೂಲೆಗೆ ಒಂದು ಪಟ್ಟಿ ಹಾಕಿದಳು. ಚೌಕ ನಿಂತಿತು. ನಾಲ್ಕು ಪಟ್ಟಿಗಳ ಚೌಕ ಎಷ್ಟು ಬಿಗಿದರೂ ಜಾರುತ್ತದೆ, ಮೂರು ಪಟ್ಟಿಗಳ ತ್ರಿಕೋನ ಜಾರುವುದಿಲ್ಲ. ಕಾರ್ಖಾನೆಯ ಸೂರಿನ ತೊಲೆಗಳಲ್ಲಿ, ಉಕ್ಕಿನ ರೈಲುಸೇತುವೆಯಲ್ಲಿ ಆ ಓರೆಪಟ್ಟಿಗಳು ಏಕಿವೆ ಎಂಬುದು ಅಂದು ಸಂಜೆ ನಮಗೆ ಗೊತ್ತಾಯಿತು. ಅಕ್ಕನಿಗೆ ಅದು ಮೊದಲೇ ಹೇಗೆ ಗೊತ್ತಿತ್ತೆಂದು ಕೇಳಿದ್ದಕ್ಕೆ, ಬೇಲಿಯ ಬಾಗಿಲನ್ನು ನೋಡಿದ್ದೆ ಎಂದಳು.

ಆ ವರ್ಷದ ನವರಾತ್ರಿಯ ವಿಚಾರ ಹೇಳಲೇಬೇಕು. ಬೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲುಗಳ ಮುಂದೆ ಮಕ್ಕಳು ಪಾರ್ಕು ಮಾಡುವುದು ವಾಡಿಕೆಯಷ್ಟೆ. ಮಣ್ಣು ಹರಡಿ, ರಾಗಿ ಸಾಸಿವೆ ಮೊಳೆಯಿಸಿ, ಕನ್ನಡಿ ಇಟ್ಟು ಕೆರೆ ಮಾಡಿ, ನಡುವೆ ಒಂದು ಬೆಟ್ಟ, ಬೆಟ್ಟದ ಮೇಲೊಂದು ಗುಡಿ. ಅಕ್ಕ ಬೆಟ್ಟವನ್ನಿಟ್ಟಳು, ಗುಡಿಯನ್ನು ಬಿಟ್ಟಳು. ಅದು ಕೆಮ್ಮಣ್ಣುಗುಂಡಿಯಂತೆ. ಹೆಸರೇ ಹೇಳುವಂತೆ ಕೆಂಪು ಮಣ್ಣಿನ ಗುಂಡಿ. ನಮ್ಮ ಕಾರ್ಖಾನೆಗೆ ಅದುರು ಬರುತ್ತಿದ್ದದ್ದು ಬಾಬಾಬುಡನ್ ಶ್ರೇಣಿಯ ಆ ಬೆಟ್ಟದಿಂದ, ತಂತಿಯ ಮೇಲೆ ಜೋತು ಇಳಿಯುವ ತೊಟ್ಟಿಗಳಲ್ಲಿ. ತೂತುಪಟ್ಟಿಗಳಿಂದ ಐದು ಕಂಬ, ಕಂಬದ ತುದಿಗೊಂದು ರಾಟೆ, ರಾಟೆಗಳ ಮೇಲೆ ಹುರಿದಾರ, ದಾರಕ್ಕೆ ನೇತುಹಾಕಿದ ಬೆಂಕಿಪೊಟ್ಟಣದ ತೊಟ್ಟಿಗಳು, ತೊಟ್ಟಿಗಳಲ್ಲಿ ಕೆಮ್ಮಣ್ಣು. ತುಂಬಿದ್ದು ಇಳಿಯುವ ಭಾರಕ್ಕೇ ಖಾಲಿಯಾದದ್ದು ಮೇಲೇರಬೇಕು. ಮೊದಲ ದಿನ ತೊಟ್ಟಿಗಳು ಧಡಧಡನೆ ಇಳಿದು ಸಾಸಿವೆಯ ತೋಟದಲ್ಲಿ ಬಿದ್ದವು. ತಂದೆಯವರು ಕೆಲಸದಿಂದ ಬಂದವರು, ಅಂಗಿಯನ್ನೂ ಕಳಚದೆ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ನೋಡಿ, "ಓಡೋದನ್ನ ಓಡ್ಸೋದಲ್ಲ ಕಣೇ, ತಡೆಯೋದು ಕಷ್ಟ" ಎಂದರು. ಆ ರಾತ್ರಿ ಅಪ್ಪ ಮಗಳು ಕೂಡಿ ಮೇಲಿನ ರಾಟೆಯ ಅಚ್ಚಿಗೆ 57 ಹಲ್ಲಿನ ಚಕ್ರ, ಅದಕ್ಕೆ 19ರದು, ಅದರ ಅಚ್ಚಿನ ತುದಿಗೆ ರಟ್ಟಿನ ರೆಕ್ಕೆ ಜೋಡಿಸಿದರು. ರಾಟೆ ಒಂದು ಸುತ್ತು ಬರುವಷ್ಟರಲ್ಲಿ ರೆಕ್ಕೆ ಮೂರು ಸುತ್ತು ಗಾಳಿ ಹೊಡೆಯಬೇಕು. ಆ ಗಾಳಿಯೇ ಕಡಿವಾಣ. ಮರುದಿನ ತೊಟ್ಟಿಗಳು ಅರಸರ ಸವಾರಿಯಂತೆ ಇಳಿದವು. ಆಯುಧಪೂಜೆಯ ದಿನ ತಂದೆಯವರು ತಮ್ಮ ಅರ, ಇಕ್ಕಳಗಳ ಪಕ್ಕದಲ್ಲಿ ಪೆಟ್ಟಿಗೆಯ ಪುಟ್ಟ ಸ್ಪ್ಯಾನರನ್ನೂ ಇಟ್ಟು ಕುಂಕುಮ ಹಚ್ಚಿದರು. ಬೀದಿಯ ಜನವೆಲ್ಲ ಬಂದು ನೋಡಿದರು. ಬಂದವರಿಗೆಲ್ಲ ಅಜ್ಜಿ, "ನಮ್ಮ ಹುಡುಗ ಮಾಡಿದ್ದು" ಎಂದು ನನ್ನನ್ನು ತೋರಿಸುತ್ತಿದ್ದರು. ನಾನು ಅಲ್ಲವೆನ್ನಲಿಲ್ಲ.

ವಿಜಯದಶಮಿ ಕಳೆದು ಬೊಂಬೆಗಳು ಪೆಟ್ಟಿಗೆ ಸೇರಿದ ಮೇಲೆ ತಂತಿಮಾರ್ಗವನ್ನು ಹಾಗೆಯೇ ಇಟ್ಟುಕೊಳ್ಳಬೇಕೆಂದು ನಾನು ಅತ್ತೆ. ತಂದೆಯವರು ಒಪ್ಪಲಿಲ್ಲ. ಮನೆಯಲ್ಲಿ ಒಂದೇ ನಿಯಮ: ಕಟ್ಟಿದವರೇ ಬಿಚ್ಚಬೇಕು, ಬಿಚ್ಚಿದ್ದನ್ನು ಎಣಿಸಿ ಇಡಬೇಕು. ಈ ನಿಯಮದ ಅರ್ಥ ನನಗೆ ಹೊಳೆದದ್ದು ಎಷ್ಟೋ ವರ್ಷಗಳ ನಂತರ, ತರಗತಿಯಲ್ಲಿ. ನಮ್ಮ ಭಾಷೆಯಲ್ಲಿ ಕಟ್ಟು ಎಂಬ ಧಾತುವಿಗೆ ದೊಡ್ಡ ಮರ್ಯಾದೆ. ಮನೆ ಕಟ್ಟುತ್ತೇವೆ, ಹೂ ಕಟ್ಟುತ್ತೇವೆ, ಪದ ಕಟ್ಟುತ್ತೇವೆ, ನಾಡನ್ನೂ ಕಟ್ಟುತ್ತೇವೆ. ಬಿಚ್ಚುವುದಕ್ಕೆ ಅಷ್ಟು ಗೌರವವಿಲ್ಲ. ಆದರೆ ವ್ಯಾಕರಣದ ಮೇಷ್ಟರು ಮಾಡುವುದೇನು? ಸಂಧಿ ಬಿಡಿಸಿ, ಸಮಾಸ ಬಿಡಿಸಿ, ಪದ್ಯವನ್ನು ಬಿಡಿಸಿ ಅನ್ವಯಿಸಿ ಎನ್ನುತ್ತೇವೆ. ಬಿಡಿಸಲು ಬಾರದವನಿಗೆ ಪದ ಹೇಗೆ ಕೂಡಿದೆ ಎಂದು ತಿಳಿಯದು. ತೂತುಪಟ್ಟಿಯ ಪೆಟ್ಟಿಗೆಯಲ್ಲಿ ಹಾರ್ನ್‌ಬಿಯ ನಿಜವಾದ ಶೋಧನೆ ಪಟ್ಟಿಯಲ್ಲ, ತೂತೂ ಅಲ್ಲ. ಕಟ್ಟಿದ್ದನ್ನು ಒಂದು ತುಂಡೂ ಕೆಡದಂತೆ ಬಿಚ್ಚಬಹುದು ಎಂಬುದು. ಬೆಸುಗೆ ಹಾಕಿದ ಆಟಿಕೆ ಒಂದೇ ಆಟಿಕೆ. ತಿರುಪಿನದು ಮುಂದೆ ಕಟ್ಟಬಹುದಾದ ಆಟಿಕೆಗಳನ್ನೆಲ್ಲ ತನ್ನಲ್ಲಿ ಉಳಿಸಿಕೊಂಡಿರುತ್ತದೆ.

ಅಕ್ಕ ಪಿಯುಸಿಯಲ್ಲಿ ಗಣಿತದಲ್ಲಿ ತುಂಬ ಒಳ್ಳೆಯ ಅಂಕ ತೆಗೆದಳು. ಎಂಜಿನಿಯರಿಂಗ್ ಓದಬೇಕಾದರೆ ಆಗ ನಮಗೆ ಹತ್ತಿರದ ಕಾಲೇಜು ದಾವಣಗೆರೆಯದು. ಮನೆಯಲ್ಲಿ ಎರಡು ದಿನ ಮಾತಾಯಿತು, ಮೂರನೆಯ ದಿನ ನಿಂತುಹೋಯಿತು. ಹುರಿದಾರದ ತಂತಿಮಾರ್ಗಕ್ಕೆ ರಾತ್ರಿಯೆಲ್ಲ ಕುಳಿತ ತಂದೆಯವರೇ, ಹೆಣ್ಣುಹುಡುಗಿ, ಅಷ್ಟು ದೂರ ಬೇಡ ಎಂದರು. ಅವಳು ಬಿ.ಎಸ್‌ಸಿ. ಮುಗಿಸಿ ಮದುವೆಯಾಗಿ ಶಿವಮೊಗ್ಗದ ದುರ್ಗಿಗುಡಿಗೆ ಹೋದಳು. ನನ್ನನ್ನು ಎಲ್ಲಿಗೆ ಬೇಕಾದರೂ ಕಳಿಸಲು ಸಿದ್ಧರಿದ್ದರು. ನಾನು ಕನ್ನಡ ಎಂ.ಎ. ಓದಿದೆ. ಮೆಕ್ಯಾನೋ ಕಂಪನಿಯನ್ನು ನಾನು ದೂರುವ ಹಾಗಿಲ್ಲ. ಮುಚ್ಚಳದ ಮೇಲೆ ಅವರು ಅಚ್ಚು ಮಾಡಿದ್ದನ್ನು ಓದಿ ನಡೆಸಿದವರು ನಾವು.

ಬಿನ್ಸ್ ರಸ್ತೆಯ ಕಾರ್ಖಾನೆ ಕೈಯಿಂದ ಕೈಗೆ ಬದಲಾಗಿ 1979ರ ಕೊನೆಯಲ್ಲಿ ಮುಚ್ಚಿತು. ಮಕ್ಕಳು ಪ್ಲಾಸ್ಟಿಕ್ಕಿಗೆ, ಟಿ.ವಿ.ಗೆ ತಿರುಗಿದ್ದರು. ಫ್ರಾನ್ಸಿನ ಕ್ಯಾಲೇ ಪಟ್ಟಣದ ಕಾರ್ಖಾನೆ ಮಾತ್ರ ಉಸಿರು ಹಿಡಿದುಕೊಂಡಿತ್ತು. ನಮ್ಮಲ್ಲಿ ಎಂಬತ್ತರ ದಶಕದ ಮಧ್ಯಮವರ್ಗದ ಮಕ್ಕಳಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಮೆಕ್ಯಾನಿಕ್ಸ್ ಪೆಟ್ಟಿಗೆಗಳು ಬರುತ್ತಿದ್ದವು. ನನ್ನ ಮಗನಿಗೂ ಒಂದು ಕೊಡಿಸಿದೆ. ಅವನು ಪುಸ್ತಕದಲ್ಲಿದ್ದ ಮೊದಲ ಮಾದರಿಯನ್ನು ಕಟ್ಟಿ ಕಪಾಟಿನ ಮೇಲಿಟ್ಟ. ಬಿಚ್ಚೆಂದು ಹೇಳುವ ಹಠ ನನ್ನಲ್ಲಿರಲಿಲ್ಲ. ತಂದೆಯವರಿಗೆ ಇದ್ದಷ್ಟು ಪುರುಸೊತ್ತೂ ಇರಲಿಲ್ಲವೆಂದರೆ ಅದು ಸುಳ್ಳು, ಅವರು ಪಾಳಿಯ ಮೇಲೆ ದುಡಿದವರು.

ಈ ನಡುವೆ ಭದ್ರಾವತಿಯ ಕಾರ್ಖಾನೆಯೂ ಹೆಸರು, ಒಡೆತನಗಳನ್ನು ಬದಲಿಸುತ್ತ ಬಂತು. 1962ರಲ್ಲಿ ಕಂಪನಿಯಾಯಿತು, ಎಪ್ಪತ್ತರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರು ಪಡೆಯಿತು, 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಕೆಳಗೆ ಬಂದು 1998ರಲ್ಲಿ ಅದರಲ್ಲಿ ಲೀನವಾಯಿತು. ಕೆಮ್ಮಣ್ಣುಗುಂಡಿಯಲ್ಲಿ ಗಣಿಯ ಕೆಲಸ ನಿಂತಿತು. ನಮ್ಮ ಪುಸ್ತಕಗಳಿಗೆ ಕಾಗದ ಒದಗಿಸಿದ ಪಕ್ಕದ ಕಾಗದದ ಗಿರಣಿಯ ಯಂತ್ರಗಳು 2015ರ ವೇಳೆಗೆ ಸುಮ್ಮನಾದವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೇ ಮುಚ್ಚುವ ತೀರ್ಮಾನ ಹೊರಬಿತ್ತು. ಕೆಲಸಗಾರರು ಧರಣಿ ಕುಳಿತರು. ಅದೇ ವರ್ಷ ಆ ಕಾರ್ಖಾನೆಯ ಒಂದು ಭಾಗ ಮತ್ತೆ ಉರುಳಿತು. ಕ್ಯಾಲೇಯ ಮೆಕ್ಯಾನೋ ಕಾರ್ಖಾನೆಯನ್ನು ಮುಚ್ಚುತ್ತೇವೆಂದು ಅದರ ಒಡೆಯರು ಸಾರಿದ್ದೂ 2023ರ ಫೆಬ್ರವರಿಯಲ್ಲೇ. ಎರಡು ಸುದ್ದಿಗೂ ಸಂಬಂಧವೇನೂ ಇಲ್ಲ. ಆದರೆ ಎರಡನ್ನೂ ಒಂದೇ ತಿಂಗಳ ಅಂತರದಲ್ಲಿ ಓದಿದಾಗ ನಾನು ಪತ್ರಿಕೆಯನ್ನು ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕಾರ್ಖಾನೆಯನ್ನು ಬಿಚ್ಚುವುದು ಬೇರೆ ಜಾತಿಯ ಕೆಲಸ. ಅಲ್ಲಿ ಎಣಿಸಿ ಪೆಟ್ಟಿಗೆಯಲ್ಲಿಡುವುದಿಲ್ಲ, ತೂಕಕ್ಕೆ ಹಾಕುತ್ತಾರೆ.

ಲೋಹದ ಮಾದರಿ ಕಟ್ಟುವ ಹವ್ಯಾಸ ಈಗ ಬೇರೆ ವೇಷದಲ್ಲಿ ಮನೆಗಳಿಗೆ ಮರಳಿದೆ. ಅಂಚೆಯ ಲಕೋಟೆಯಷ್ಟು ದೊಡ್ಡ ಉಕ್ಕಿನ ತೆಳುಹಾಳೆಗಳು. ಅವುಗಳ ಮೇಲೆ ಲೇಸರ್ ಕಿರಣದಿಂದ ಸಣ್ಣಸಣ್ಣ ಭಾಗಗಳನ್ನು ಕೊರೆದಿರುತ್ತಾರೆ. ಒಂದೊಂದನ್ನೂ ಕತ್ತರಿಸಿ ತೆಗೆದು, ಬಗ್ಗಿಸಿ, ಅದರ ಕಿವಿಯನ್ನು ಇನ್ನೊಂದರ ಸೀಳಿನಲ್ಲಿ ತೂರಿಸಿ, ಆ ಕಿವಿಯನ್ನು ಇಕ್ಕಳದಿಂದ ಮಡಿಸಬೇಕು ಅಥವಾ ತಿರುಚಬೇಕು. ಅಂಟು ಬೇಡ, ಬೆಸುಗೆ ಬೇಡ. ಕಟ್ಟಡಗಳು, ಹಡಗುಗಳು, ರೈಲು ಎಂಜಿನುಗಳು ನೋಡಲು ಬಹು ಅಂದ. ಅಂಥದೊಂದನ್ನು ಅಕ್ಕನ ಮೊಮ್ಮಗಳಿಗೆ ಯಾರೋ ಉಡುಗೊರೆ ಕೊಟ್ಟಿದ್ದರು, ಪ್ಯಾರಿಸಿನ ಐಫೆಲ್ ಗೋಪುರದ್ದು. ಹೋದ ಬೇಸಿಗೆಯ ರಜೆಯಲ್ಲಿ ಅಜ್ಜಿ ಮೊಮ್ಮಗಳು ಊಟದ ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ ಎರಡು ದಿನ ಕುಳಿತು ಅದನ್ನು ಮಾಡಿದರು. ನಾನೂ ಹೋಗಿ ಕುಳಿತೆ. ಬಟ್ಟೆ ಏಕೆಂದರೆ ಬಿದ್ದ ಚೂರು ಕಾಣಬೇಕಲ್ಲ. ಅಂಚು ಬ್ಲೇಡಿನಂತೆ ಹರಿತ, ಹುಡುಗಿಯ ಬೆರಳಿಗೆ ಒಮ್ಮೆ ತಾಗಿತು. ಭೂತಗನ್ನಡಿ ಕೈಯಿಂದ ಕೈಗೆ ಓಡಾಡಿತು. ಟಿ.ವಿ.ಯ ನೆನಪು ಯಾರಿಗೂ ಬರಲಿಲ್ಲ. ಮನೆಮಂದಿ ಒಟ್ಟಿಗೆ ಕುಳಿತು ಕೈಯಿಂದ ಏನನ್ನಾದರೂ ಮಾಡುವುದೇ ಅಪರೂಪವಾದ ಕಾಲದಲ್ಲಿ ನಾನು ಇದನ್ನು ಜರೆಯಲಾರೆ.

ತೊಂದರೆ ಮೂರನೆಯ ದಿನ ಬಂತು. ಒಂದು ಅಂತಸ್ತು ತಲೆಕೆಳಗಾಗಿ ಕೂತಿತ್ತು. ಹುಡುಗಿ ಕಿವಿಯನ್ನು ಹಿಂದಕ್ಕೆ ತಿರುಚಿದಳು. ಅದು ಪುಟುಕ್ಕೆಂದು ಮುರಿಯಿತು. ಇನ್ನೊಂದೂ ಮುರಿಯಿತು. ತೆಳುವಾದ ಉಕ್ಕನ್ನು ಒಮ್ಮೆ ಮಡಿಸಬಹುದು, ಇನ್ನೊಮ್ಮೆ ಬಿಡಿಸಿದರೆ ಅದು ಸಹಿಸುವುದಿಲ್ಲ. ಅದನ್ನು ಮಾಡಿರುವುದೇ ಹಾಗೆ. ಹುಡುಗಿಯ ಕಣ್ಣಲ್ಲಿ ನೀರು ಬಂತು. ಅಕ್ಕ ಮುರಿದ ಚೂರನ್ನು ಬೆಳಕಿಗೆ ಹಿಡಿದು ನೋಡಿ, "ಇದ್ರಲ್ಲಿ ತಪ್ಪು ಮಾಡೋಕೆ ಜಾಗ ಇಟ್ಟಿಲ್ಲ ಕಣೋ" ಎಂದು ನನಗೆ ಹೇಳಿದಳು. ಆಮೇಲೆ ಅಳಿಯನನ್ನು 'ಅಟ್ಟ ಹತ್ತಿ ಹಳೆಯ ಟ್ರಂಕು ಇಳಿಸಿಕೊಡಿ' ಎಂದು ಕೇಳಿದಳು. ಪೆಟ್ಟಿಗೆ ಅವಳ ಬಳಿ ಇದೆಯೆಂಬುದೇ ನನಗೆ ತಿಳಿದಿರಲಿಲ್ಲ. ತಂದೆಯವರು ಅದನ್ನು ಅವಳ ಮದುವೆಯ ಪಾತ್ರೆಗಳ ಜೊತೆ, ಯಾರಿಗೂ ಹೇಳದೆ, ಕಳಿಸಿದ್ದರಂತೆ.

ಒಳಗೆ ಅವರ ಕೈಬರಹದ ಚೀಟಿಯಿತ್ತು: ಪಟ್ಟಿ ಇಷ್ಟು, ರಾಟೆ ಇಷ್ಟು, ತಿರುಪು ಅರವತ್ತನಾಲ್ಕು. ಹುಡುಗಿ ಚೀಟಿ ಹಿಡಿದು ಎಣಿಸತೊಡಗಿದಳು. ಮಾಚೇನಹಳ್ಳಿಯ ಎರಕದ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿರುವ ಅವಳ ತಾಯಿ ಸಂಜೆ ಮನೆಗೆ ಬಂದು, ಚೀಲವನ್ನೂ ಕೆಳಗಿಡದೆ, ಒಂದು ಹಲ್ಲುಚಕ್ರವನ್ನು ಎತ್ತಿ ಅಚ್ಚಿಗೆ ತೊಡಿಸಿ ನೋಡಿದಳು. ಎಲ್ಲವೂ ಸರಿಯಿತ್ತು, ಒಂದು ವಸ್ತುವಿನ ಹೊರತು. ಈ ಸಲದ ನವರಾತ್ರಿಗೆ ಐದು ಕಂಬದ ತಂತಿಮಾರ್ಗ ಆಗಬೇಕೆಂದು ತೀರ್ಮಾನವಾಗಿದೆ. ಕೆಮ್ಮಣ್ಣುಗುಂಡಿಯಿಂದ ತೊಟ್ಟಿಗಳು ಏಕೆ ಇಳಿಯುತ್ತಿದ್ದವೆಂದು ಹುಡುಗಿಗೆ ಮೊದಲಿನಿಂದ ಹೇಳಬೇಕಾಯಿತು. ಕಳೆದ ವಾರ ಅಕ್ಕ ಫೋನು ಮಾಡಿ, "ಐವತ್ತೇಳರದ್ದು ನಿನ್ನ ಹತ್ರ ಇರ್ಬೇಕು, ನೋಡು" ಎಂದಳು. ಇತ್ತು. ನಲವತ್ತು ವರ್ಷ ಉತ್ತರಪತ್ರಿಕೆಗಳ ಮೇಲೆ, ಆಮೇಲೆ ಈ ಭಾಷಣದ ಹಾಳೆಗಳ ಮೇಲೆ, ಗಾಳಿಗೆ ಹಾರದಂತೆ ನಾನು ಇಡುತ್ತಿದ್ದ ಒಂದೂವರೆ ಅಂಗುಲದ ಹಿತ್ತಾಳೆಯ ಬಿಲ್ಲೆ ಅದೇ. ಹುಣಿಸೆಹಣ್ಣು ಹಚ್ಚಿ ತೊಳೆದು, ನಿನ್ನೆ ದುರ್ಗಿಗುಡಿಗೆ ಹೋಗಿ ಕೊಟ್ಟುಬಂದೆ.